ಗಂಟಲಿಗೆ ವಿಶ್ರಾಂತಿ

ಬೆಳಿಗ್ಗೆ ಅಕ್ಕನಿಗೆ ಹೇಳಿದ್ದೇ ತಪ್ಪಾಯಿತೇನೋ ಎಂದು ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗ ಅವಳಿಗೆ ಅನ್ನಿಸತೊಡಗಿತು. ಹೇಳಿದ್ದೂ ಎಂಥ ಹೊತ್ತಿನಲ್ಲಿ! ಅಕ್ಕ ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ಭೋರೆಂದು ಸುರಿಯುತ್ತಿತ್ತು. ವಾರಗಟ್ಟಲೆ ಒಂದಕ್ಷರ ಆಡದ ಬಾಯಿಂದ ಹೇಗೋ ಪಿಸುದನಿಯಲ್ಲಿ ಅಷ್ಟನ್ನು ಹೊರಡಿಸಿದ್ದಳು: 'ಅಕ್ಕಾ, ಆ ಡಾಕ್ಟ್ರು ಸರಿಯಿಲ್ಲ. ಹಾಗೆಲ್ಲಾ ಮೈ ಮುಟ್ತಾರೆ.' ಅಕ್ಕ ನಲ್ಲಿ ನಿಲ್ಲಿಸಿದಳು. ಒದ್ದೆ ಕೈಯನ್ನು ಹಾಗೇ ಎತ್ತಿ ಹಿಡಿದು ತಿರುಗಿ ಮೊದಲು ಆಡಿದ ಮಾತಾದರೂ ಯಾವುದು? 'ಪಿಸುಗುಟ್ಟಬೇಡ್ವೇ, ಅದು ಕೂಗೋದಕ್ಕಿಂತ ಕೆಟ್ಟದ್ದು ಅಂತ ಡಾಕ್ಟ್ರು ಹೇಳಿಲ್ವಾ!' ಆಮೇಲೆ, 'ಡಾಕ್ಟ್ರು ಅಂದ್ಮೇಲೆ ಮುಟ್ಟದೆ ಹೇಗೆ ನೋಡ್ತಾರೆ?' ಎಂದಳು. ಅವಳು ಎಲ್ಲೆಂದು ಕೈಯಿಟ್ಟು ತೋರಿಸಿದಳು. ಗಂಟಲಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲವೆಂದು ಅಕ್ಕನಿಗೆ ಗೊತ್ತಾಗದಿರುವುದಕ್ಕೆ ಅವಳೇನು ಹಾಲುಗಲ್ಲದ ಕೂಸೇ? ಅಕ್ಕನ ಮುಖ ಇಳಿದುಹೋಯಿತು. ತೊಳೆದಿದ್ದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ನಿನಗೆ ಹಾಗೆ ಅನ್ನಿಸಿರಬಹುದು, ಎಂದಳು. ನಿನ್ನ ಭಾವನಿಗೆ ಆಪರೇಷನ್ ಮಾಡಿ ಕಿವಿ ಕೊಟ್ಟ ಪುಣ್ಯಾತ್ಮ ಕಣೇ ಅವರು, ಎಂದಳು. ಕೊನೆಗೆ, ಸಂತೆಯಲ್ಲಿ ರೇಟು ಹೊಂದಿಸುವವಳ ಹಾಗೆ, 'ನೋಡು, ಇವತ್ತು ನಾನೂ ನಿನ್ನ ಜೊತೆ ಒಳಗೇ ಬರ್ತೀನಿ. ನಿಂಗೇನೂ ಆಗಲ್ಲ. ನೀನು ತುಟಿ ಪಿಟಕ್ಕನ್ನಬೇಡ. ಸೈನ್ ಹಾಕಿಸ್ಕೊಂಡು ಬಂದ್ಬಿಡೋಣ, ಆಮೇಲೆ ಆ ಕಡೆ ತಲೆ ಹಾಕೋದೇ ಬೇಡ' ಎಂದಳು. ಅವಳು ತಲೆಯಾಡಿಸಿದ್ದಳು. ತಲೆಯಾಡಿಸುವುದು ಇಷ್ಟು ವಾರಗಳಲ್ಲಿ ಚೆನ್ನಾಗಿ ರೂಢಿಯಾಗಿತ್ತು.

ಸೈನ್ ಅಂದರೆ ಅನ್ನ. ಅವಳು ರೈಲ್ವೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು ಗಾಡಿಗಳು ಬರುವುದು ಹೋಗುವುದನ್ನು ಹೇಳುವವಳು. ಸಹೋದ್ಯೋಗಿಗಳು ಪ್ರೀತಿಯಿಂದಲೋ ಗೇಲಿಯಿಂದಲೋ ಇಟ್ಟ ಹೆಸರು ಮೈಕಮ್ಮ. ಊರಿನ ಅರ್ಧ ಜನಕ್ಕೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ತರಕಾರಿ ಅಂಗಡಿಯಲ್ಲಿ 'ಅರ್ಧ ಕೇಜಿ' ಎಂದರೆ ಸಾಕು, ಪಕ್ಕದವರು ತಿರುಗಿ ನೋಡುತ್ತಿದ್ದರು. ಆ ದನಿ ಚಳಿ ಶುರುವಾದಾಗ ಒಡೆಯಿತು. ಒಂದು ಗಾಡಿಯ ಹೆಸರಿನ ನಡುವೆಯೇ ಕರ್ರೆಂದು ನಿಂತುಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಯಾರೋ ಹೋ ಎಂದು ನಕ್ಕಿದ್ದು ಗಾಜಿನ ಈಚೆಗೂ ಕೇಳಿಸಿತ್ತು. ಸ್ಟೇಷನ್ ಮಾಸ್ಟರು ಒಳ್ಳೆಯವರೇ, ಆದರೆ ಕಾಯ್ದೆ ಬಿಟ್ಟು ಕದಲುವವರಲ್ಲ. ಗಂಟಲು ವಾಸಿಯಾಗಿದೆ ಎಂದು ಇಲಾಖೆ ಒಪ್ಪಿದ ಡಾಕ್ಟರು ಬರೆದುಕೊಡಬೇಕು, ಇಲ್ಲದಿದ್ದರೆ ಖಾಯಂ ಆಗಿ ಪಾರ್ಸೆಲ್ ಆಫೀಸು, ಅಲ್ಲಿ ದನಿ ಬೇಕಾಗಿಲ್ಲ ಎಂದಿದ್ದರು. ಇಲಾಖೆ ಒಪ್ಪಿದ ಕಿವಿ-ಮೂಗು-ಗಂಟಲಿನ ಡಾಕ್ಟರು ಊರಿಗೆಲ್ಲ ಇವರೊಬ್ಬರೇ. ಪಾರ್ಸೆಲ್ ಆಫೀಸನ್ನು ಅವಳು ಹೋಗಿ ನೋಡಿ ಬಂದಿದ್ದಳು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಣಿಯ ವಾಸನೆ, ಬಾಯಿಗಿಂತ ರಬ್ಬರ್ ಸ್ಟ್ಯಾಂಪಿಗೇ ಹೆಚ್ಚು ಕೆಲಸ. ಅಲ್ಲಿ ಕೂತವರು ಕೆಲಸ ಮಾಡುತ್ತ ಮಾಡುತ್ತ ಮುದುಕರಾಗಿದ್ದರು. ತನಗೆ ಈ ಲೋಕದಲ್ಲಿ ತನ್ನದು ಅಂತ ಇರುವುದು ಆ ದನಿಯೊಂದೇ. ಗಂಡನಿಲ್ಲ, ಮಕ್ಕಳಿಲ್ಲ, ಮಲಗುವ ಮಂಚ ಕೂಡ ಅಕ್ಕನ ಮನೆಯದು.

ಹೊರಗಿನ ಕೋಣೆ ತುಂಬಿತ್ತು. ಗೋಡೆಯ ಮೇಲೆ ಸೀಳಿ ತೋರಿಸಿದ ದೊಡ್ಡ ಕಿವಿಯ ಚಿತ್ರ, ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲುಗಳು. ಒಳಗಿನ ಬಾಗಿಲ ಪಕ್ಕದಲ್ಲಿ ಸಿಸ್ಟರಿನ ಮೇಜು, ಅದರಾಚೆ ನೀರು ಕಾಯಿಸುವ ಮೂಲೆ. ಅಕ್ಕ ಕೂತ ತಕ್ಷಣ ಪಕ್ಕದ ಹೆಂಗಸಿನೊಂದಿಗೆ ಭಾವನ ಆಪರೇಷನ್ ಕಥೆ ಶುರು ಹಚ್ಚಿದಳು. ಮೊದಲು ಏನು ಬೈದರೂ ಹೂಂ ಅನ್ನುತ್ತಿದ್ದ ಮನುಷ್ಯ, ಕಿವಿ ಬಂದ ಮೇಲೆ ಎದುರುತ್ತರ ಕೊಡಲು ಶುರುಮಾಡಿದ್ದಾರೆ ನೋಡಿ, ಎಂದು ನಗಿಸಿದಳು. ನಡುನಡುವೆ 'ದೇವರಂಥ ಮನುಷ್ಯ' ಎನ್ನುವುದು ಬೇರೆ. ಬೆಳಿಗ್ಗೆ ಕೇಳಿದ ಮೇಲೂ ಅಷ್ಟು ಸಲೀಸಾಗಿ ಅದು ಹೇಗೆ ಬಾಯಿಗೆ ಬರುತ್ತದೆ ಎಂದು ಅವಳು ಅಕ್ಕನ ಮುಖ ನೋಡಿದಳು. ಅಕ್ಕನ ಬಾಯಿ ನಗುತ್ತಿತ್ತು, ಕೈ ಮಾತ್ರ ಚೀಲದ ಹಿಡಿಯನ್ನು ತಿರುಚುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು, ಅದರ ಹಿಂದೆಯೇ ಸಿಟ್ಟೂ ಬಂತು. ಎದುರು ಸಾಲಿನಲ್ಲಿ ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡ ಒಬ್ಬ ಹುಡುಗಿ ಕೂತಿದ್ದಳು, ಇಪ್ಪತ್ತರ ಆಚೆಈಚೆ ಇರಬೇಕು. ಇವಳ ಚೀಲದಿಂದ ಇಣುಕುತ್ತಿದ್ದ ಸ್ಲೇಟನ್ನು ನೋಡಿ ಆ ಹುಡುಗಿಯ ಕಣ್ಣು ಅರಳಿತು. ಬರೆದು ಎತ್ತಿ ತೋರಿಸಿದಳು: 'ನಿಮಗೂ ಮಾತು ಬಂದ್ ಆಗಿದೆಯಾ?' ಇವಳು ನಕ್ಕು ಹೂಂ ಎಂಬಂತೆ ತಲೆಯಾಡಿಸಿದಳು. ಹುಡುಗಿ ಒರೆಸಿ ಬರೆದಳು: 'ನಾನು ಟೀಚರ್. ಒಂದನೇ ಕ್ಲಾಸು. ಕೂಗಿ ಕೂಗಿ ಹೋಯ್ತು.' ಇವಳು ತನ್ನ ಸ್ಲೇಟು ತೆಗೆದು ಬರೆದಳು: 'ಮೊದಲನೇ ಸಲಾನಾ?' 'ಎರಡನೇದು,' ಎಂದು ಹುಡುಗಿ ಬರೆದು, ಅದರ ಪಕ್ಕದಲ್ಲಿ ಹಲ್ಲು ಕಿರಿದ ಒಂದು ಮುಖ ಬಿಡಿಸಿದಳು. ಎರಡನೇದು ಎಂಬುದನ್ನು ಇವಳು ಮತ್ತೊಮ್ಮೆ ಓದಿದಳು.

ಮೊದಲನೇ ಸಲ ಏನೂ ಆಗುವುದಿಲ್ಲ. ಮೊದಲನೇ ಸಲ ಸಿಸ್ಟರು ಪಕ್ಕದಲ್ಲೇ ನಿಂತಿರುತ್ತಾರೆ. ಡಾಕ್ಟರು ನಾಲಿಗೆ ಚಾಚಿ ಅನ್ನುತ್ತಾರೆ, ಬಿಳಿಯ ಬಟ್ಟೆಯ ತುಂಡು ಸುತ್ತಿ ಎಡಗೈಯ ಬೆರಳುಗಳಲ್ಲಿ ನಾಲಿಗೆಯ ತುದಿ ಹಿಡಿದು ಎಳೆದುಕೊಳ್ಳುತ್ತಾರೆ, ಬಲಗೈಯಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ. ಕನ್ನಡಿಗೆ ಉಸಿರಿನ ಹಬೆ ಕೂರಬಾರದೆಂದು ಅದನ್ನು ಮೊದಲು ಬಿಸಿನೀರಿನಲ್ಲಿ ಅದ್ದಬೇಕು. 'ಈ ಅನ್ನಿ' ಎನ್ನುತ್ತಾರೆ. ಈ ಎಂದರೆ ದನಿಯ ತಂತಿಗಳು ಮೇಲೆದ್ದು ಕನ್ನಡಿಯಲ್ಲಿ ಕಾಣುತ್ತವಂತೆ. ಆ ದಿನ ಅವರು ಅವಳ ಕೆಲಸ ಕೇಳಿ, 'ಓಹೋ, ಆ ದನಿ ನೀವೇನಾ! ನಾನು ನಿಮ್ಮ ಅಭಿಮಾನಿ ಕಣ್ರೀ' ಎಂದಿದ್ದರು. ಅವಳಿಗೆ ಮುಖವೆಲ್ಲ ಬಿಸಿಯಾಗಿತ್ತು. ಎಷ್ಟು ನಕ್ಕಿದ್ದಳೋ! ಆ ನಗುವನ್ನು ಆಮೇಲೆ ಎಷ್ಟು ಸಲ ಹಿಂದಕ್ಕೆ ತೆಗೆದುಕೊಳ್ಳಲು ನೋಡಿದ್ದಾಳೆ. ಅಷ್ಟು ನಗಬಾರದಿತ್ತು. ಆ ನಗುವಿನಲ್ಲೇ ಏನಾದರೂ ಇತ್ತೇ? ತಂತಿಗಳ ಮೇಲೆ ಗಂಟಾಗಿದೆ, ಆಪರೇಷನ್ ಬೇಡ, ಮಾತು ಪೂರ್ತಿ ನಿಲ್ಲಿಸಿ, ಗಂಟಲಿಗೆ ವಿಶ್ರಾಂತಿ ಕೊಡಿ, ಪಿಸುಗುಟ್ಟಲೂ ಬೇಡಿ ಎಂದು ಹೇಳಿ ಕಳಿಸಿದ್ದರು. ಎರಡನೇ ಸಲ ಹೋದಾಗ ಅವಳ ಕೈಗೆ ಸ್ಲೇಟು ಬಂದಿತ್ತು. ನಾಲಿಗೆ ಬಟ್ಟೆಯೊಳಗೆ ಸೇರಿದ ಮೇಲೆ ಅವರು, 'ಸಿಸ್ಟರ್, ನೀರು ಆರಿಹೋಗಿದೆ, ಬಿಸಿ ಮಾಡ್ಕೊಂಡು ಬನ್ನಿ' ಎಂದರು. ಸಿಸ್ಟರು ಕೆಟಲ್ ತಗೊಂಡು ಹೊರಟರು. ಬಾಗಿಲು ಮುಚ್ಚಿತು. ಬಲಗೈ ಕನ್ನಡಿಯನ್ನು ತಟ್ಟೆಯಲ್ಲಿಟ್ಟಿತು, ಟಿಣ್ ಎಂದಿತು. ಆಮೇಲೆ ಆ ಕೈ ಅವಳ ಕತ್ತಿನಿಂದ ಕೆಳಗಿಳಿದು ಬಟ್ಟೆಯೊಳಗೆ ಹೋಯಿತು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. 'ಈ ಅನ್ನಿ' ಎಂದರು. ಅವಳು ಈ ಎಂದಳು. ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಈ ಎಂದಳು, ಅದೂ ಮೈಕಿನ ಮುಂದೆ ಕಲಿತ ಹಾಗೆ ಉಸಿರು ಹಿಡಿದು, ದನಿ ನಡುಗದಂತೆ, ಉದ್ದಕ್ಕೆ. ಆ ಕೈ ಅಲ್ಲಿರುವಷ್ಟು ಹೊತ್ತೂ ಅವಳು ಈ ಎನ್ನುತ್ತಲೇ ಇದ್ದಳು. ಸಿಸ್ಟರಿನ ಚಪ್ಪಲಿಯ ಸದ್ದಾದಾಗ ಕೈ ಹಿಂದಕ್ಕೆ ಹೋಯಿತು, ಕನ್ನಡಿ ಬಿಸಿನೀರಿಗೆ ಹೋಯಿತು. ನಾಲಿಗೆ ಅವಳ ಬಾಯಿಗೆ ಮರಳಿತು. ಎದ್ದು ಬರುವಾಗ ಅವಳು ಮಾಡಿದ್ದೇನು? ಸ್ಲೇಟಿನ ಮೇಲೆ 'ಥ್ಯಾಂಕ್ಸ್ ಡಾಕ್ಟರ್' ಎಂದು ಬರೆದು ತೋರಿಸಿದಳು. ಯಾರು ಬರೆಸಿದರು? ಅವಳ ಕೈಯೇ ಬರೆಯಿತು, ಎಂದಿನ ಅಭ್ಯಾಸ. ಅವರು ಓದಿ ನಕ್ಕು, 'ಮುಂದಿನ ವಾರ ಬನ್ನಿ' ಎಂದರು. ಮುಂದಿನ ವಾರ ಹೋದಳು. ಅದರ ಮುಂದಿನ ವಾರವೂ ಹೋದಳು, ಗಂಟು ಕರಗಬೇಕಲ್ಲ.

ಇದನ್ನೆಲ್ಲ ಯಾರ ಮುಂದೆ ಹೇಳುವುದು, ಹೇಳಿದರೆ ಮೊದಲು ಕೇಳುವುದೇ 'ಮತ್ತೆ ಯಾಕೆ ಹೋದ್ರಿ' ಅಂತ. ಮದುವೆಯಾಗದೆ ನಲವತ್ತು ದಾಟಿದವಳಿಗೆ ಹೀಗೆಲ್ಲ ಅನ್ನಿಸುವುದುಂಟು ಎಂದು ಕಣ್ಣು ಮಿಟುಕಿಸುತ್ತಾರೆ. ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವನು ಮೈಕಮ್ಮನ ಹೊಸ ಹಾಡು ಎಂದು ಎರಡು ದಿನ ತಮಾಷೆ ಮಾಡುತ್ತಾನೆ. ಇವತ್ತಂತೂ ಅಕ್ಕ ಒಳಗೆ ಬರುತ್ತಾಳೆ, ಸಿಸ್ಟರು ಹೊರಗೆ ಹೋದರೂ ಅಕ್ಕ ಇರುತ್ತಾಳೆ. ಸೈನ್ ಸಿಗುತ್ತದೆ, ನಾಳೆ ಬೆಳಿಗ್ಗೆ ಮೈಕು. ತನಗೆ ಬೇಕಾದ್ದೆಲ್ಲ ಸಿಗುತ್ತದೆ. ತನಗೆ ಮಾತ್ರ. ಅವಳು ಎದುರಿನ ಟೀಚರನ್ನು ನೋಡಿದಳು. ಹುಡುಗಿ ಸ್ಲೇಟಿನ ಅಂಚಿಗೆ ಅಂಟಿದ ಸೀಮೆಸುಣ್ಣದ ಪುಡಿಯನ್ನು ಬೆರಳಿನಿಂದ ಒರೆಸಿ ಬಟ್ಟೆಗೆ ಉಜ್ಜಿಕೊಳ್ಳುತ್ತಿದ್ದಳು, ಜೊತೆಗೆ ಯಾರೂ ಬಂದಿರಲಿಲ್ಲ. ಇವಳು ಬಗ್ಗಿ ಸ್ಲೇಟಿನ ಮೇಲೆ 'ಒಳಗೆ ಒಬ್ಬಳೇ' ಎಂದಷ್ಟು ಬರೆದಳು. ಅಕ್ಕನ ಮೊಣಕೈ ಪಕ್ಕೆಗೆ ತಿವಿಯಿತು. ಅಕ್ಕ ಆ ಹೆಂಗಸಿನ ಕಡೆಯೇ ಮುಖ ಮಾಡಿ ನಗುತ್ತಿದ್ದಳು, ತುಟಿ ಅಲ್ಲಾಡಿಸದೆ 'ಅಳಿಸು' ಎಂದಳು. ಇವಳು ಅಳಿಸಿದಳು. ಅಳಿಸಿದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅಷ್ಟರಲ್ಲಿ ಸಿಸ್ಟರು ಬಾಗಿಲಲ್ಲಿ ನಿಂತು, 'ಟೀಚರಮ್ಮ ಬನ್ನಿ' ಎಂದು ಕೂಗಿದರು. ಹುಡುಗಿ ಎದ್ದು, ಇವಳಿಗೆ ಹೋಗಿ ಬರುತ್ತೇನೆ ಎಂಬಂತೆ ಕೈ ಬೀಸಿ ಒಳಗೆ ಹೋದಳು.

ಸಿಸ್ಟರು ಹೊರಗೆ ಬರದಿರಲಿ ಎಂದು ಅವಳು ಬೇಡಿಕೊಂಡಳು. ಬರದಿದ್ದರೆ ತಾನು ಕೂತಲ್ಲೇ ಕೂತಿರಬಹುದು. ಬರದಿದ್ದರೆ ಅದು ತನ್ನೊಬ್ಬಳ ಹಣೆಬರಹ, ಒಂದು ಕೆಟ್ಟ ಗಳಿಗೆ, ನುಂಗಿಕೊಂಡು ಹೋಗಬಹುದು. ಬಾಗಿಲನ್ನೇ ನೋಡುತ್ತ ಕೂತಳು. ಅಕ್ಕ ಏನೋ ಹೇಳುತ್ತಿದ್ದಳು, ಕೇಳಿಸಲಿಲ್ಲ. ಬಾಗಿಲು ತೆರೆಯಿತು. ಸಿಸ್ಟರು ಕೆಟಲ್ ಹಿಡಿದು ಹೊರಗೆ ಬಂದರು, ಹಿಂದೆ ಬಾಗಿಲು ಮುಚ್ಚಿಕೊಂಡಿತು. ಮೂಲೆಗೆ ಹೋಗಿ ಸ್ವಿಚ್ ಹಾಕಿ, ಕೆಟಲಿನ ಪಕ್ಕದಲ್ಲಿ ನಿಂತರು. ಕೆಟಲಿನ ಮೂತಿಯಿಂದ ಆಗಲೇ ಹಬೆ ಬರುತ್ತಿತ್ತು. ನೀರು ಆರಿರಲೇ ಇಲ್ಲ. ಸಿಸ್ಟರು ತಿರುಗಿದಾಗ ಇಬ್ಬರ ಕಣ್ಣೂ ಸೇರಿದವು. ಐವತ್ತು ದಾಟಿದ, ದಣಿದ ಮುಖ. ಆ ಮುಖ ಮೊದಲು ಕೆಟಲನ್ನು ನೋಡಿತು, ಆಮೇಲೆ ನೆಲವನ್ನು. ಗೊತ್ತು ಇವರಿಗೆ, ಎಂದುಕೊಂಡಳು ಅವಳು. ಎಲ್ಲ ಗೊತ್ತು. ಎಷ್ಟು ವರ್ಷದಿಂದ ಬಿಸಿ ನೀರನ್ನು ಬಿಸಿ ಮಾಡುತ್ತಿದ್ದಾರೋ ಈ ತಾಯಿ. ಅವಳಿಗೆ ಎಲ್ಲಿಂದಲೋ ಕೆಟ್ಟ ಸಿಟ್ಟು ಎದ್ದು ಬಂತು. ಸಿಸ್ಟರ ಮೇಲೆ, ನಗುತ್ತಿರುವ ಅಕ್ಕನ ಮೇಲೆ, ಉಸಿರು ಹಿಡಿದು ಈ ಎಂದ ತನ್ನ ಮೇಲೆ. ಎದ್ದಳು. ಅಕ್ಕ ಅವಳ ತೋಳು ಹಿಡಿದು, 'ಎಲ್ಲಿಗೇ? ನಮ್ಮನ್ನಿನ್ನೂ ಕರೆದಿಲ್ಲ, ಕೂತ್ಕೋ' ಎಂದಳು. ಅವಳು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಬಾಗಿಲು ನೂಕಿದಾಗ ಡಾಕ್ಟರು ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತಿದ್ದರು, ಎದುರಿನ ಎತ್ತರದ ಕುರ್ಚಿಯಲ್ಲಿ ಟೀಚರು. ಹುಡುಗಿಯ ಬಾಯಿ ತೆರೆದಿತ್ತು, ನಾಲಿಗೆ ಬಿಳಿಯ ಬಟ್ಟೆಯಲ್ಲಿ ಡಾಕ್ಟರ ಎಡಗೈಯಲ್ಲಿತ್ತು. ಕಣ್ಣುಗಳು ಅಗಲವಾಗಿ ಚಾವಣಿಗೆ ನೆಟ್ಟಿದ್ದವು. ಗಂಟಲಿನಿಂದ ಸಣ್ಣಗೆ, ಒಡಕಾಗಿ, ಈ ಎಂಬ ಸದ್ದು ಬರುತ್ತಿತ್ತು. ಕನ್ನಡಿ ತಟ್ಟೆಯಲ್ಲಿ ಬಿದ್ದಿತ್ತು. ಡಾಕ್ಟರು ತಲೆ ತಿರುಗಿಸಿದರು, ಹುಡುಗಿಯ ಅಂಗಿಯ ಗುಂಡಿಗಳ ಹತ್ತಿರವಿದ್ದ ಬಲಗೈ ಮೆಲ್ಲಗೆ ಬಂದು ಅವರ ಮೊಣಕಾಲಿನ ಮೇಲೆ ಕೂತಿತು. ಗಾಬರಿಯಿಲ್ಲ, ಅವಸರವಿಲ್ಲ. 'ಏನ್ರೀ ಇದು, ಪೇಷೆಂಟ್ ನೋಡ್ತಿದ್ದೀನಿ, ಹೊರಗಿರಿ' ಎಂದರು. ಹಣೆಗೆ ಕಟ್ಟಿದ ದೀಪ ಅವಳ ಕಣ್ಣಿಗೆ ಹೊಡೆಯಿತು. ಕಾಲು ತಾನಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋಗಿದ್ದು ಅವಳಿಗೆ ಗೊತ್ತಾಯಿತು. ಇಷ್ಟಾದರೂ ಕಾಲಿಗೆ ಈ ಮನುಷ್ಯನ ಮಾತೆಂದರೆ ಮಾತು! ಮರ್ಯಾದೆ ಬಿಟ್ಟ ಕಾಲೇ, ಎಂದು ಅದನ್ನು ಬೈದುಕೊಂಡು ಮುಂದಕ್ಕಿಟ್ಟಳು.

'ಅವಳ ನಾಲಿಗೆ ಬಿಡು,' ಎಂದಳು.

ದನಿ ಬಂದೇಬಿಟ್ಟಿತು. ಅವಳ ದನಿಯಲ್ಲ, ಜಂಗು ಹಿಡಿದ ಕೀಲಿನ ಸದ್ದು. ಆದರೂ ಬಂತು. ಡಾಕ್ಟರು ಕೇಳಿಸದವರ ಹಾಗೆ, 'ನಿಮಗೆ ಮಾತಾಡಬೇಡಿ ಅಂತ ಹೇಳಿದ್ದೆ ಅಲ್ವಾ? ಈಗ ತಾನೇ ಮಾಯ್ತಾ ಇದೆ. ಹೀಗೆ ಕಿರುಚಿದ್ರೆ ಪೂರ್ತಿ ಹೋಗುತ್ತೆ, ಆಮೇಲೆ ನನ್ನನ್ನ ಕೇಳಬೇಡಿ' ಎಂದರು. ಸ್ವರ ಸ್ವಲ್ಪ ತಗ್ಗಿಸಿ, ನಗುತ್ತ, 'ಸರ್ಟಿಫಿಕೇಟು ಬೇಕು ತಾನೇ? ಐದು ನಿಮಿಷ ಕೂತಿರಿ, ಬರೆದುಕೊಡ್ತೀನಿ' ಎಂದರು. ಎಷ್ಟು ಸುಲಭ! ಹೊರಗೆ ಹೋಗಿ ಕೂತರೆ ಸಾಕು. ನಾಳೆ ಬೆಳಿಗ್ಗೆ ಗಾಜಿನ ಕೋಣೆ, ಮೈಕಿನ ಮುಂದಿನ ಸವೆದ ಕುರ್ಚಿ, ಗುಂಡಿ ಒತ್ತಿದರೆ ಇಡೀ ನಿಲ್ದಾಣ ಒಂದು ಕ್ಷಣ ಸುಮ್ಮನಾಗಿ ಅವಳಿಗೆ ಕಿವಿಗೊಡುವುದು. ಅದು ಎಷ್ಟು ಬೇಕಾಗಿತ್ತು ಎಂದರೆ ಅವಳಿಗೆ ಅಳು ಬರುವಂತಾಯಿತು. ಇವನು ಕೊಟ್ಟ ದನಿಯಲ್ಲಿ ಗಾಡಿಯ ಹೊತ್ತು ಹೇಳಿಕೊಂಡು ಇರಬೇಕೇ, ಹೇಳಬೇಕಾದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು? ಹೋದರೆ ಹೋಗಲಿ ಹಾಳಾದ್ದು. 'ಬಿಡು ಅಂದೆ,' ಎಂದಳು. ಆಗ ಹುಡುಗಿಯೇ ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು. ಬಟ್ಟೆಯ ತುಂಡು ಡಾಕ್ಟರ ಕೈಯಲ್ಲೇ ಉಳಿಯಿತು, ಹುಡುಗಿ ನಾಲಿಗೆಯನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಿ, ಎರಡೂ ಕೈಯಿಂದ ಅಂಗಿಯ ಕತ್ತನ್ನು ಹಿಡಿದುಕೊಂಡು ಕುರ್ಚಿಯಿಂದ ಇಳಿದಳು. ಇಳಿದವಳು ಬಾಗಿಲಿಗೆ ಓಡಲಿಲ್ಲ, ಬಂದು ಇವಳ ಪಕ್ಕ ನಿಂತಳು.

ಬಾಗಿಲು ಹಾರು ಹೊಡೆದಿತ್ತು, ಹೊರಗಿನವರೆಲ್ಲ ಕತ್ತು ಚಾಚಿದ್ದರು. ಡಾಕ್ಟರು ಎದ್ದು, ಕೈ ಒರೆಸಿಕೊಳ್ಳುತ್ತ ಹೊಸ್ತಿಲವರೆಗೆ ಬಂದು, ಎಲ್ಲರಿಗೂ ಹೇಳುವಂತೆ, 'ಏನಿಲ್ಲ, ಏನಿಲ್ಲ. ಪಾಪ, ತುಂಬ ದಿನ ಮಾತಾಡದೆ ಇದ್ರೆ ಮನಸ್ಸಿಗೆ ಹೀಗೆಲ್ಲ ಆಗುತ್ತೆ' ಎಂದರು. ಯಾರೋ ಅಯ್ಯೋ ಎಂದು ಲೊಚಗುಟ್ಟಿದರು. ಅಕ್ಕ ಧಾವಿಸಿ ಬಂದಳು, 'ಕ್ಷಮಿಸಿ ಡಾಕ್ಟ್ರೇ, ರಾತ್ರಿಯೆಲ್ಲಾ ನಿದ್ದೆ ಮಾಡಿಲ್ಲ ಇವಳು' ಎಂದು ಅವಳ ತೋಳಿಗೆ ಕೈ ಹಾಕಿದಳು. 'ನಡಿಯೇ ಮನೆಗೆ. ನಮ್ಮ ಮಾನ ಕಳೀಬೇಡ, ನಿನ್ನ ಕಾಲಿಗೆ ಬೀಳ್ತೀನಿ.' ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ಇದೇ ಕೈ ಹಣೆಯ ಮೇಲಿರುತ್ತಿತ್ತು. ಈ ಅಕ್ಕನಿಗಾಗಿ ಅವಳು ಏನನ್ನಾದರೂ ಮಾಡಿಯಾಳು. ಇದೊಂದನ್ನು ಬಿಟ್ಟು. 'ಮಾನ ಹೋಗಿದ್ದು ಈಗಲ್ಲ ಅಕ್ಕ,' ಎಂದಳು. ಆಮೇಲೆ ಹೊರಗಿನ ಕೋಣೆಯ ಕಡೆಗೆ ತಿರುಗಿದಳು. 'ಈ ಡಾಕ್ಟ್ರು ಗಂಟಲು ನೋಡ್ತೀನಿ ಅಂತ ನಾಲಿಗೆ ಹಿಡ್ಕೊಂಡು, ಸಿಸ್ಟರ್‌ನ ಆಚೆ ಕಳಿಸಿ, ಹೆಂಗಸರ ಮೈಮೇಲೆ ಕೈ ಹಾಕ್ತಾನೆ. ನನ್ನ ಮೇಲೆ ಹಾಕಿದಾನೆ. ಈಗ ಈ ಹುಡುಗಿ ಮೇಲೆ ಹಾಕ್ತಿದ್ದ.'

ಗಂಟಲಿನೊಳಗೆ ಏನೋ ಹರಿದಂತಾಯಿತು. ಕೊನೆಯ ಮಾತುಗಳು ಬರೀ ಗಾಳಿಯಾಗಿ ಹೊರಟವು. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಸಿಟ್ಟಿಲ್ಲ, ನಾಚಿಕೆಯಿಲ್ಲ, ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. ಇಷ್ಟೇನೇ? ಇಷ್ಟಕ್ಕಾಗಿಯೇ ಎಲ್ಲವನ್ನೂ ಕಳೆದುಕೊಂಡೆನೇ ಎಂದುಕೊಂಡಳು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ, ಎರಡೂ ಕಿವಿಯಲ್ಲಿ ಹತ್ತಿ ಇಟ್ಟುಕೊಂಡವಳು, ಕುರ್ಚಿಯ ಹಿಡಿ ಹಿಡಿದು ಎದ್ದು ನಿಂತು, 'ಏನಂತೆ? ಏನಂದ್ಲು ಆಯಮ್ಮ? ನಂಗೆ ಕೇಳಿಸ್ಲಿಲ್ಲ' ಎಂದಳು. ಆಕೆಯ ಪಕ್ಕದ ಗಂಡಸೂ, 'ನಮಗೂ ಸರಿಯಾಗಿ ಕೇಳಿಸ್ಲಿಲ್ಲ, ಸ್ವಲ್ಪ ಜೋರಾಗಿ ಹೇಳಿ ತಾಯಿ' ಎಂದ. ಅವಳಿಗೆ ಆಗ ಹೊಳೆಯಿತು. ಕಿವಿ ಕೇಳದವರ ಮುಂದೆ ನಿಂತು ತಾನು ಅರ್ಧ ದನಿಯಲ್ಲಿ ಮಾತಾಡುತ್ತಿದ್ದೇನೆ! ಅಂಥ ಹೊತ್ತಿನಲ್ಲೂ ನಗು ಬರುವುದುಂಟೆ? ಬಂತು. ಡಾಕ್ಟರು, 'ಸಿಸ್ಟರ್, ಇವರನ್ನ ಕೆಳಗೆ ಕಳಿಸಿ' ಎಂದರು. ಸಿಸ್ಟರು ಕೆಟಲಿನ ಪಕ್ಕದಿಂದ ಅಲ್ಲಾಡಲಿಲ್ಲ. ಅವಳು ಕುರ್ಚಿಗಳ ನಡುವೆ ಜಾಗ ಮಾಡಿಕೊಂಡು ಮುದುಕಿಯ ಬಳಿಗೆ ನಡೆದಳು. ಅಕ್ಕ ತೋಳು ಬಿಡಲಿಲ್ಲ, ಎಳೆದುಕೊಂಡೇ ಹಿಂದೆ ಬಂದಳು, ಟೀಚರೂ ಬಂದಳು. ಅವಳು ಉಸಿರು ತುಂಬಿಕೊಂಡು, ಹೊಟ್ಟೆಯಿಂದ, ಇದ್ದಬದ್ದ ದನಿಯನ್ನೆಲ್ಲ ಒಟ್ಟುಮಾಡಿ, ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಮತ್ತೊಮ್ಮೆ ಹೇಳಿದಳು. ಸುಡುವ ನೋವು ಕಿವಿಯವರೆಗೆ ಹೋಯಿತು. ಇನ್ನು ಈ ಗಂಟಲಿನಲ್ಲಿ ಯಾವ ಗಾಡಿಯೂ ಹೊರಡುವುದಿಲ್ಲ ಎಂದು ಅವಳಿಗೆ ಖಚಿತವಾಯಿತು, ಆದರೂ ನಿಲ್ಲಿಸಲಿಲ್ಲ.

ಮುದುಕಿ ಒಂದು ಕಿವಿಯ ಹತ್ತಿಯನ್ನು ಕಿತ್ತು ಕೇಳಿದಳು. ಕೇಳಿ, ತಮಗೆ ಕೇಳದ ಹಾಗೆ ಬೇರೆಯವರಿಗೂ ಕೇಳುವುದಿಲ್ಲ ಎಂದುಕೊಳ್ಳುವವರ ಎತ್ತರದ ಗಂಟಲಿನಲ್ಲಿ ಕೂಗಿದಳು. 'ನಾಲಿಗೆ ಹಿಡ್ಕೊಂಡು ಮೈ ಮುಟ್ತಾನಾ? ಈ ಡಾಕ್ಟ್ರಾ? ಮಾತಾಡೋಕಾಗ್ದಂಗೆ ಮಾಡಿ ಮುಟ್ತಾನಾ?' ಕೂಗು ಮೆಟ್ಟಿಲಿಳಿದು ಕೆಳಗಿನ ಔಷಧಿ ಅಂಗಡಿಗೆ ಹೋಯಿತು, ಅಲ್ಲಿಂದ ಬೀದಿಗೆ ಹೋಯಿತು. ಕೆಳಗೆ ಯಾರೋ ಶಟರ್ ಎಳೆಯುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಅವಳು ಹೌದು ಎನ್ನಲು ಬಾಯಿ ತೆರೆದಳು, ಸದ್ದು ಬರಲಿಲ್ಲ. ಪಕ್ಕದಲ್ಲಿ ಟೀಚರು, ಮಾತು ಬಂದ್ ಆದ ಟೀಚರು, ಒಂದನೇ ಕ್ಲಾಸಿನವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ, 'ಹೌದು ಅಜ್ಜಿ. ಹೌದು' ಎಂದಳು. ಇವಳ ತೋಳಿನ ಮೇಲಿದ್ದ ಅಕ್ಕನ ಕೈ ಎಳೆಯುವುದನ್ನು ನಿಲ್ಲಿಸಿತು, ಬಿಟ್ಟೂ ಬಿಡಲಿಲ್ಲ. ಮುದುಕಿ ಹೊಸ್ತಿಲಲ್ಲಿ ನಿಂತ ಮನುಷ್ಯನ ಕಡೆಗೆ ತಿರುಗಿದಳು. 'ಏನಪ್ಪಾ ಡಾಕ್ಟ್ರೇ,' ಎಂದಳು, 'ಉತ್ತರ ಹೇಳು. ಜೋರಾಗಿ ಹೇಳು.' ಕೋಣೆಯಲ್ಲಿ ಕೂತವರೆಲ್ಲ, ಯಾರಿಗೆ ಯಾವ ಕಿವಿ ಕೇಳಿಸುತ್ತಿತ್ತೋ ಆ ಕಿವಿಯನ್ನು ಅವನ ಕಡೆಗೆ ತಿರುಗಿಸಿಕೊಂಡು ಕಾದರು.